ಟಾಲ್‌ಸ್ಟಾಯ್ ಫಾರಂ

ಹುಟ್ಟಿದ ನಾಡನ್ನು ಬಿಟ್ಟು ಪರದೇಶಕ್ಕೆ ಹೋಗುವ ಮನುಷ್ಯನು ಸಾಮಾನ್ಯವಾಗಿ ಹಣವನ್ನೋ ಪದವಿಯನ್ನೋ ವಿದ್ಯೆಯನ್ನೋ ಅರಸಿ ಹೋಗುತ್ತಾನೆ. ಆದರೆ ಇವಾವುವನ್ನೂ ಬಯಸದೆ, ತಮ್ಮ ದುಡಿಮೆಯಿಂದ ಬೆಳೆದ ಅನ್ನವನ್ನುಂಡು, ಸಮಾನಮನಸ್ಕರೊಡನೆ ಒಂದೇ ಕುಟುಂಬದವರಂತೆ ಬಾಳಬೇಕೆಂಬ ಹಂಬಲದಿಂದ ಕಡಲು ದಾಟಿದವರೂ ಲೋಕದಲ್ಲಿದ್ದಾರೆ. 1910ರಲ್ಲಿ ರಷ್ಯದ ಕಡೆಯಿಂದ ವಲಸೆ ಬಂದ ಕೆಲವು ಯಹೂದಿ ತರುಣ ತರುಣಿಯರು ಗಲಿಲೀ ಸರೋವರದ ಬಳಿ ದೆಗಾನಿಯ ಎಂಬ ಸಾಮೂಹಿಕ ಬೇಸಾಯದ ನೆಲೆಯನ್ನು ಕಟ್ಟಿದರು. 1968ರಲ್ಲಿ ಪುದುಚೇರಿಯ ಸಮೀಪದಲ್ಲಿ ಸ್ಥಾಪನೆಯಾದ ಆರೋವಿಲ್ಲಿಗೆ ಅನೇಕ ದೇಶಗಳ ಜನರು ಬಂದು ಸೇರಿ, ಬರಡಾಗಿದ್ದ ಕೆಂಪು ನೆಲದಲ್ಲಿ ಗಿಡಗಳನ್ನು ನೆಟ್ಟು ಕಾಡು ಬೆಳೆಸಿದರು. ಇಂತಹ ಪ್ರಯತ್ನಗಳಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಂ ವಿಶಿಷ್ಟವಾದುದು. ಅದು ಬಾಳಿದುದು ಎರಡೂವರೆ ವರ್ಷಗಳು ಮಾತ್ರ. ಅಲ್ಲಿದ್ದ ಜನರು ನೂರನ್ನು ಮೀರಲಿಲ್ಲ. ಆದರೂ ಒಂದು ಬಲಿಷ್ಠ ಸರ್ಕಾರದ ಎದುರು ತಲೆಯೆತ್ತಿ ನಿಲ್ಲುವ ಶಕ್ತಿಯನ್ನು ಆ ಪುಟ್ಟ ನೆಲೆಯು ಬಡವರಿಗೆ ದೊರಕಿಸಿಕೊಟ್ಟಿತು.

ದಕ್ಷಿಣ ಆಫ್ರಿಕಕ್ಕೆ ಭಾರತೀಯರು ಗುಂಪುಗುಂಪಾಗಿ ಹೋಗತೊಡಗಿದುದು 1860ರಲ್ಲಿ. ನಟಾಲ್ ಪ್ರಾಂತದ ಕಬ್ಬಿನ ತೋಟಗಳಲ್ಲಿ ದುಡಿಯಲು ಆಳುಗಳು ಬೇಕಾಗಿದ್ದರು. ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟೊತ್ತಿ ಹಡಗು ಹತ್ತಿದ ಈ ಕೂಲಿಗಳಲ್ಲಿ ತಮಿಳು ಮತ್ತು ತೆಲುಗು ನಾಡಿನವರೂ ಉತ್ತರ ಭಾರತದವರೂ ಇದ್ದರು. ಅವರ ಹಿಂದೆಯೇ ಗುಜರಾತಿನ ವರ್ತಕರೂ ಹೋದರು. ಕರಾರು ಮುಗಿದ ಮೇಲೆ ಅಲ್ಲಿಯೇ ನೆಲೆನಿಂತು ವ್ಯಾಪಾರ ವ್ಯವಸಾಯಗಳಲ್ಲಿ ಏಳಿಗೆ ಹೊಂದತೊಡಗಿದ ಭಾರತೀಯರನ್ನು ಕಂಡು ಅಲ್ಲಿನ ಬಿಳಿಯರಿಗೆ ಅಸಹನೆ ಹುಟ್ಟಿತು. ಕರಾರಿನಿಂದ ಬಿಡುಗಡೆ ಹೊಂದಿದ ಕೂಲಿಯ ಮೇಲೆ ನಟಾಲ್ ಸರ್ಕಾರವು ವರ್ಷಕ್ಕೆ ಮೂರು ಪೌಂಡುಗಳ ತಲೆಗಂದಾಯವನ್ನು ಹೇರಿತು. ಟ್ರಾನ್ಸ್‌ವಾಲ್ ಪ್ರಾಂತದಲ್ಲಿಯಾದರೋ, ಭಾರತೀಯರು ಅಪರಾಧಿಗಳಂತೆ ಬೆರಳುಗುರುತುಗಳನ್ನು ಕೊಟ್ಟು, ಹೆಸರನ್ನು ನೋಂದಾಯಿಸಿಕೊಂಡು, ಆ ರಹದಾರಿಯನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕೆಂಬ ಕಾಯಿದೆಯು ಬಂದಿತು.

1893ರಲ್ಲಿ ಒಂದು ಮೊಕದ್ದಮೆಯ ಸಲುವಾಗಿ ದಕ್ಷಿಣ ಆಫ್ರಿಕಕ್ಕೆ ಹೋಗಿದ್ದ ತರುಣ ವಕೀಲ ಮೋಹನದಾಸ ಕರಮಚಂದ ಗಾಂಧಿಯವರು ಈ ಅನ್ಯಾಯದ ವಿರುದ್ಧ ದನಿಯೆತ್ತಿದರು. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್ ನಗರದ ನಾಟಕಶಾಲೆಯೊಂದರಲ್ಲಿ ಕಿಕ್ಕಿರಿದು ನೆರೆದ ಭಾರತೀಯರು, ಏನೇ ಕಷ್ಟ ಬಂದರೂ ಆ ಕಾಯಿದೆಗೆ ತಲೆಬಾಗುವುದಿಲ್ಲವೆಂದು ದೇವರ ಮೇಲೆ ಆಣೆಯಿಟ್ಟು ಸಾರಿದರು. ಸತ್ಯಾಗ್ರಹವು ಹುಟ್ಟಿದುದು ಹೀಗೆ. ಮೊದಲಲ್ಲಿ ಉತ್ಸಾಹವು ಉಕ್ಕಿ ಹರಿಯಿತು. ವರ್ತಕರೂ ಕೂಲಿಗಳೂ ನಗುನಗುತ್ತ ಸೆರೆಮನೆಗೆ ನಡೆದರು. ಆದರೆ ವರ್ಷಗಳು ಉರುಳಿದಂತೆ ಹೋರಾಟವು ಬಳಲತೊಡಗಿತು. ಸೆರೆಮನೆಯಿಂದ ಹೊರಬಂದವನಿಗೆ ಕೆಲಸವಿಲ್ಲ. ಅಂಗಡಿಯನ್ನು ಮುಚ್ಚಿದವನಿಗೆ ಆದಾಯವಿಲ್ಲ. ಒಳಗಿರುವವನಿಗೆ ಹೆಂಡತಿಮಕ್ಕಳ ಚಿಂತೆ. ಮುಂದೊಮ್ಮೆ ಗೋಪಾಲಕೃಷ್ಣ ಗೋಖಲೆಯವರು, ಕೊನೆಯವರೆಗೂ ನಿಲ್ಲಬಲ್ಲ ಸತ್ಯಾಗ್ರಹಿಗಳು ಎಷ್ಟು ಮಂದಿಯೆಂದು ಕೇಳಿದಾಗ, ಹೆಚ್ಚೆಂದರೆ 66, ಕಡಮೆಯೆಂದರೆ 16 ಎಂದು ಗಾಂಧೀಜಿ ಲೆಕ್ಕ ಕೊಡಬೇಕಾಯಿತು.

ಸೆರೆಮನೆಗೆ ಹೋದವರ ಕುಟುಂಬಗಳಿಗೆ ಆವರೆಗೆ ಪ್ರತಿ ತಿಂಗಳೂ ಅವರವರ ಅಗತ್ಯಕ್ಕೆ ತಕ್ಕಂತೆ ಹಣವನ್ನು ಕೊಡಲಾಗುತ್ತಿತ್ತು. ಈ ಪದ್ಧತಿಯಲ್ಲಿ ದೋಷಗಳಿದ್ದವು. ಒಂದೇ ಅಳತೆಯಲ್ಲಿ ಕೊಟ್ಟರೆ ದೊಡ್ಡ ಸಂಸಾರದವರಿಗೆ ಸಾಲದು. ಕೇಳಿದಷ್ಟು ಕೊಟ್ಟರೆ ಪ್ರಾಮಾಣಿಕನಿಗೆ ನಷ್ಟ, ಕಪಟಿಗೆ ಲಾಭ. ಭಾರತದಿಂದ ರತನ್ ಟಾಟಾ ಅವರು 25,000 ರೂಪಾಯಿಗಳನ್ನು ಕಳುಹಿಸಿದ್ದರು; ಇತರರೂ ನೆರವಾಗಿದ್ದರು. ಆದರೆ ಹೋರಾಟವು ಎಷ್ಟು ವರ್ಷ ನಡೆಯುವುದೆಂದು ಬಲ್ಲವರಾರು? ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಲ್ಲವೆ? ಎಲ್ಲ ಕುಟುಂಬಗಳೂ ಒಂದೆಡೆ ಸೇರಿ, ಒಂದೇ ಅಡುಗೆಮನೆಯಲ್ಲಿ ಉಂಡು, ತಾವೇ ದುಡಿದು ಬಾಳುವುದಾದರೆ ಮಾತ್ರ ಈ ಸಮಸ್ಯೆಗೆ ಪರಿಹಾರವುಂಟೆಂದು ಗಾಂಧೀಜಿಯವರಿಗೆ ತೋರಿತು. ಡರ್ಬನ್ ನಗರದ ಸಮೀಪದ ಫೀನಿಕ್ಸ್ ಎಂಬಲ್ಲಿ 1904ರಲ್ಲಿಯೇ ಅವರು ಅಂತಹ ಒಂದು ನೆಲೆಯನ್ನು ಸ್ಥಾಪಿಸಿದ್ದರು. ಆದರೆ ಅದು ಹೋರಾಟದ ಕೇಂದ್ರವಾದ ಜೋಹಾನ್ಸ್‌ಬರ್ಗಿನಿಂದ 300 ಮೈಲಿಗಳಾಚೆ, 30 ಗಂಟೆಗಳ ಪ್ರಯಾಣದ ದೂರದಲ್ಲಿತ್ತು. ನಗರದ ಬಳಿಯಲ್ಲಿಯೇ ಭೂಮಿ ಬೇಕಾಗಿತ್ತು.

ಆ ಭೂಮಿಯನ್ನು ಒದಗಿಸಿದವರು ಹರ್ಮನ್ ಕ್ಯಾಲನ್‌ಬಾಕ್. ಯೂರೋಪಿನಲ್ಲಿ ಹುಟ್ಟಿದ ಜರ್ಮನ್ ಯಹೂದಿಯಾದ ಇವರು 1896ರಲ್ಲಿ ದಕ್ಷಿಣ ಆಫ್ರಿಕಕ್ಕೆ ಬಂದು, ಕಟ್ಟಡಗಳ ಶಿಲ್ಪಿಯಾಗಿ ಹೆಸರನ್ನೂ ಹಣವನ್ನೂ ಗಳಿಸಿದ್ದರು. ಸುಖವಾಗಿ ಬೆಳೆದ ಜೀವ. ಮನೆಯ ಬಾಡಿಗೆಯನ್ನು ಬಿಟ್ಟು ತಮ್ಮೊಬ್ಬರಿಗಾಗಿಯೇ ತಿಂಗಳಿಗೆ 1,200 ರೂಪಾಯಿಗಳನ್ನು ವೆಚ್ಚ ಮಾಡುತ್ತಿದ್ದವರು, ಗಾಂಧೀಜಿಯವರ ಸ್ನೇಹವಾದ ಮೇಲೆ ಅದನ್ನು 120 ರೂಪಾಯಿಗಳಿಗೆ ಇಳಿಸಿದರು! ಅವರು ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದ ಲಾಲಿ ರೈಲುನಿಲ್ದಾಣದ ಬಳಿ 1,100 ಎಕರೆ ಭೂಮಿಯನ್ನು ಕೊಂಡು, 1910ರ ಮೇ 30ರಂದು ಅದನ್ನು ಸತ್ಯಾಗ್ರಹಿಗಳ ವಾಸಕ್ಕಾಗಿ ಬಿಟ್ಟುಕೊಟ್ಟರು. ಬಾಡಿಗೆಯಾಗಿ ಒಂದು ಕಾಸನ್ನೂ ಕೇಳಲಿಲ್ಲ. ಕೊಟ್ಟು ದೂರ ನಿಲ್ಲದೆ, ತಾವೂ ಅಲ್ಲಿಗೆ ಬಂದು ನೆಲೆಸಿದರು.

ರಷ್ಯದ ಮಹಾಲೇಖಕ ಟಾಲ್‌ಸ್ಟಾಯ್ ಅವರ ಬರಹಗಳು ಈ ಇಬ್ಬರು ಮಿತ್ರರ ಮೇಲೂ ಆಳವಾದ ಪ್ರಭಾವವನ್ನು ಬೀರಿದ್ದವು. ಶ್ರೀಮಂತ ಮನೆತನದಲ್ಲಿ ಹುಟ್ಟಿಯೂ ರೈತರ ಉಡುಪನ್ನು ತೊಟ್ಟು, ನೇಗಿಲು ಹಿಡಿದು, ತಮ್ಮ ಕೈಯಿಂದಲೇ ಪಾದರಕ್ಷೆಗಳನ್ನು ಹೊಲಿದ ಟಾಲ್‌ಸ್ಟಾಯ್, ಪ್ರತಿಯೊಬ್ಬನೂ ತನ್ನ ಅನ್ನಕ್ಕಾಗಿ ತಾನೇ ಮೈಮುರಿದು ದುಡಿಯಬೇಕೆಂದು ಬೋಧಿಸಿದ್ದರು. ಆದುದರಿಂದ ಕ್ಯಾಲನ್‌ಬಾಕರು ಗಾಂಧೀಜಿಯವರೊಡನೆ ಆಲೋಚಿಸಿ ತಮ್ಮ ಭೂಮಿಗೆ ಟಾಲ್‌ಸ್ಟಾಯ್ ಫಾರಂ ಎಂದು ಹೆಸರಿಟ್ಟರು. ಈ ವಿಷಯವನ್ನು ತಿಳಿಸಿ ಗಾಂಧೀಜಿ 1910ರ ಆಗಸ್ಟಿನಲ್ಲಿ ಆ ವೃದ್ಧ ಲೇಖಕರಿಗೆ ಪತ್ರ ಬರೆದರು. ಅವರಿಂದ ಪ್ರೀತಿಯ ಉತ್ತರವೂ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಟಾಲ್‌ಸ್ಟಾಯ್ ತೀರಿಕೊಂಡರು.

ಫಾರಮ್ಮಿನಲ್ಲಿ ಸುಮಾರು ಒಂದು ಸಾವಿರ ಹಣ್ಣಿನ ಮರಗಳಿದ್ದವು. ಕಿತ್ತಳೆ, ಏಪ್ರಿಕಾಟ್, ಪ್ಲಮ್ ಹಣ್ಣುಗಳು ಋತುಮಾನದಲ್ಲಿ ಹೇರಳವಾಗಿ ಬಿಡುತ್ತಿದ್ದವು. ಗುಡ್ಡದ ಬುಡದಲ್ಲಿ ಐದಾರು ಮಂದಿ ಇರಬಹುದಾದ ಒಂದು ಚಿಕ್ಕ ಮನೆ, ಎರಡು ಬಾವಿಗಳು, ಸುಮಾರು 500 ಗಜಗಳಾಚೆ ಒಂದು ಸಣ್ಣ ಒರತೆ—ಇಷ್ಟೇ ಅಲ್ಲಿದ್ದುದು. ನಗರದಂತೆ ನಲ್ಲಿಗಳಿರಲಿಲ್ಲ, ಒರತೆಯ ನೀರನ್ನು ಅಡ್ಡೆಯ ಮೇಲೆ ಹೊತ್ತು ತರಬೇಕಾಗಿತ್ತು. ಆಳುಕಾಳುಗಳನ್ನು ಇಟ್ಟುಕೊಳ್ಳಬಾರದು, ಅಡುಗೆಯಿಂದ ಕಕ್ಕಸು ತೆಗೆಯುವವರೆಗೆ ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕು ಎಂಬುದು ಅಲ್ಲಿನ ಮೊದಲ ಕಟ್ಟಳೆಯಾಯಿತು.

ಇಲ್ಲಿಗೆ ಬಂದು ಸೇರಿದವರು ಯಾರು? ಗುಜರಾತು, ತಮಿಳುನಾಡು, ಆಂಧ್ರ, ಉತ್ತರ ಭಾರತ ಇವುಗಳ ಮೂಲದ ಜನರು. ಹಿಂದೂಗಳು, ಮುಸಲ್ಮಾನರು, ಪಾರ್ಸಿಗಳು, ಕ್ರೈಸ್ತರು. ಸುಮಾರು 40 ಮಂದಿ ತರುಣರು, ಇಬ್ಬರು ಮೂವರು ಮುದುಕರು, ಐವರು ಹೆಂಗಸರು, 20ರಿಂದ 30 ಮಕ್ಕಳು. ತಾಯ್ನಾಡಿನಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲು ಹಿಂಜರಿಯುತ್ತಿದ್ದ ಜನರು ಕಡಲಾಚೆಯ ನೆಲದಲ್ಲಿ ಒಂದೇ ಒಲೆಯ ಅನ್ನವನ್ನು ಹಂಚಿಕೊಂಡರು. ಕೇಂಬ್ರಿಜ್‌ನಲ್ಲಿ ಓದಿ ಬ್ಯಾರಿಸ್ಟರಾಗಿದ್ದ ಜೋಸೆಫ್ ರಾಯಪ್ಪನ್ ಅವರೂ ಇಲ್ಲಿಗೆ ಬಂದು, ನಿಲ್ದಾಣದಿಂದ ಸಾಮಾನಿನ ಹೊರೆಗಳನ್ನು ಹೊತ್ತು ತರುವ ಕೆಲಸದಲ್ಲಿ ಹಿಂದೆಗೆಯಲಿಲ್ಲ.

ವಸತಿಗಾಗಿ ಮನೆಗಳನ್ನು ಕಟ್ಟುವುದು ಮೊದಲ ಕೆಲಸವಾಯಿತು. ಸುಮಾರು ಎರಡು ತಿಂಗಳ ಕಾಲ ಎಲ್ಲರೂ ಡೇರೆಗಳಲ್ಲಿ ವಾಸಿಸಿದರು. ಹೆಂಗಸರಿಗೊಂದು, ಗಂಡಸರಿಗೊಂದು ದೊಡ್ಡ ಮನೆ, ಒಂದು ಶಾಲೆ, ಮರಗೆಲಸ ಮತ್ತು ಪಾದರಕ್ಷೆಯ ಕೆಲಸಕ್ಕೊಂದು ಕಮ್ಮಟ ಇವು ತಗಡಿನ ಹೊದಿಕೆಯಲ್ಲಿ ಮೇಲೆದ್ದವು. ಬೆಂಚು, ಪೆಟ್ಟಿಗೆ ಮೊದಲಾದ ಸಣ್ಣ ದೊಡ್ಡ ವಸ್ತುಗಳೆಲ್ಲವೂ ಅಲ್ಲಿಯೇ ತಯಾರಾದವು. ಉಡಲು ಎಲ್ಲರಿಗೂ ನೀಲಿಬಣ್ಣದ ಒರಟು ಬಟ್ಟೆಯ ಅಂಗಿ ಷರಾಯಿಗಳು. ಸೆರೆಮನೆಯ ಕೈದಿಗಳ ಉಡುಪಿನ ಮಾದರಿಯಲ್ಲಿ ಹೊಲಿದ ಈ ಬಟ್ಟೆಗಳನ್ನು ತೊಟ್ಟವರಿಗೆ ಸೆರೆಮನೆಯ ಭಯವೇ ಇಲ್ಲದಂತಾಯಿತು. ಹೊಲಿಗೆಯ ಕೆಲಸದಲ್ಲಿ ಹೆಂಗಸರು ಬಹುವಾಗಿ ನೆರವಾದರು.

ಪಾದರಕ್ಷೆಯ ಉದ್ಯಮವು ಆರಂಭವಾದ ಬಗೆಯೂ ಸ್ವಾರಸ್ಯವಾಗಿದೆ. ನಟಾಲಿನ ಮರಿಯಾನ್‌ಹಿಲ್ ಎಂಬಲ್ಲಿ ಮೌನವ್ರತವನ್ನು ಆಚರಿಸುವ ಟ್ರಾಪಿಸ್ಟ್ ಪಂಥದ ಕ್ರೈಸ್ತ ಸಂನ್ಯಾಸಿಗಳ ಮಠವೊಂದಿತ್ತು. ಅಲ್ಲಿ ಚಪ್ಪಲಿ ಹೊಲಿಯುವ ಕಸಬು ನಡೆಯುತ್ತಿತ್ತು. ಹೆಸರಾಂತ ಶಿಲ್ಪಿಯಾದ ಕ್ಯಾಲನ್‌ಬಾಕರು ಆ ಮಠಕ್ಕೆ ಹೋಗಿ ಕಸಬನ್ನು ಕಲಿತು ಬಂದರು. ಅವರಿಂದ ಗಾಂಧೀಜಿಯವರೂ, ಗಾಂಧೀಜಿಯವರಿಂದ ಇತರರೂ ಕಲಿತರು. ಮುಂದೆ ಸೆರೆಮನೆಯಲ್ಲಿದ್ದಾಗ ಗಾಂಧೀಜಿಯವರು ಹೊಲಿದ ಒಂದು ಜೊತೆ ಚಪ್ಪಲಿಯು, ಅವರನ್ನು ಸೆರೆಗೆ ಕಳುಹಿಸಿದ ಜನರಲ್ ಸ್ಮಟ್ಸ್ ಅವರಿಗೇ 1914ರಲ್ಲಿ ಕಾಣಿಕೆಯಾಗಿ ಸಂದಿತು. ಸ್ಮಟ್ಸ್ ಅವರು ಅದನ್ನು ಅನೇಕ ಬೇಸಗೆಗಳಲ್ಲಿ ಮೆಟ್ಟಿ, 1939ರಲ್ಲಿ ಗಾಂಧೀಜಿಯವರ ಎಪ್ಪತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ ಗೌರವದೊಡನೆ ಹಿಂದಿರುಗಿಸಿದರು.

ಫಾರಮ್ಮಿನ ದಿನಚರಿಯು ಕಟ್ಟುನಿಟ್ಟಾಗಿತ್ತು. ಬೆಳಗಿನ ಆರು ಗಂಟೆಗೆ ರೊಟ್ಟಿ ಮತ್ತು ಹುರಿದ ಗೋದಿಯಿಂದ ಮಾಡಿದ ಕಾಫಿ. ಹನ್ನೊಂದಕ್ಕೆ ಅನ್ನ, ಬೇಳೆ, ತರಕಾರಿ. ಸಂಜೆ ಐದೂವರೆಗೆ ಗೋದಿಯ ಗಂಜಿ ಮತ್ತು ಹಾಲು ಅಥವಾ ರೊಟ್ಟಿ. ಗೋದಿಯನ್ನು ಕೈಯಿಂದ ತಿರುಗಿಸುವ ಬೀಸುವ ಯಂತ್ರದಲ್ಲಿ ತಾವೇ ಬೀಸಿಕೊಳ್ಳುತ್ತಿದ್ದರು. ಕಡಲೆಕಾಯಿಯನ್ನು ಹುರಿದು ಅರೆದು ಬೆಣ್ಣೆಯಂತೆ ಮಾಡುತ್ತಿದ್ದರು. ತೋಟದ ಕಿತ್ತಳೆಯಿಂದ ಮುರಬ್ಬ ತಯಾರಾಗುತ್ತಿತ್ತು. ಸಂಜೆಯ ಊಟದ ತರುವಾಯ ಪ್ರಾರ್ಥನೆ. ಭಜನೆಗಳನ್ನು ಹಾಡಿದ ಮೇಲೆ ಒಮ್ಮೆ ರಾಮಾಯಣದಿಂದಲೂ ಒಮ್ಮೆ ಇಸ್ಲಾಂ ಧರ್ಮದ ಗ್ರಂಥಗಳಿಂದಲೂ ಓದುತ್ತಿದ್ದರು. ಒಂಬತ್ತು ಗಂಟೆಗೆ ಎಲ್ಲರೂ ನೆಲದ ಮೇಲೆ ಹಾಸಿಕೊಂಡು ಮಲಗುತ್ತಿದ್ದರು. ಮದ್ಯಕ್ಕೂ ತಂಬಾಕಿಗೂ ಅಲ್ಲಿ ಪ್ರವೇಶವಿರಲಿಲ್ಲ.

ಆಹಾರದ ವಿಷಯದಲ್ಲಿ ಒಂದು ನಾಜೂಕಾದ ಪ್ರಶ್ನೆಯು ಎದುರಾಯಿತು. ಅಡುಗೆಮನೆಯು ಒಂದೇ ಆಗಿದ್ದರೆ ಸಸ್ಯಾಹಾರವನ್ನೇ ಇಟ್ಟುಕೊಳ್ಳಬೇಕು. ಆದರೆ ಮಾಂಸವನ್ನುಣ್ಣುವ ಅಭ್ಯಾಸವಿದ್ದ ಕ್ರೈಸ್ತ ಮತ್ತು ಮುಸಲ್ಮಾನ ಕುಟುಂಬಗಳನ್ನು ಬಲವಂತಪಡಿಸುವುದು ಧರ್ಮವೆ? ಸೆರೆಮನೆಯಲ್ಲಿರುವವರ ಮಡದಿಮಕ್ಕಳನ್ನು ಅವರ ನಿಸ್ಸಹಾಯಕತೆಯ ಸಮಯದಲ್ಲಿ ಒತ್ತಾಯಿಸುವುದು ಗಾಂಧೀಜಿಯವರಿಗೆ ಸರಿಯೆನಿಸಲಿಲ್ಲ. ಅವರು ಕೇಳಿದರೆ ಅವರ ರೂಢಿಯ ಆಹಾರವನ್ನೇ ಒದಗಿಸಬೇಕೆಂದು ನಿಶ್ಚಯಿಸಿ, ತಮ್ಮ ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳಿದರು. ಆ ತಾಯಂದಿರು ತಾವಾಗಿಯೇ ಸಸ್ಯಾಹಾರಕ್ಕೆ ಒಪ್ಪಿದರು. ರಂಜಾನ್ ತಿಂಗಳು ಬಂದಾಗ ಮುಸಲ್ಮಾನ ತರುಣರೊಡನೆ ಇತರ ಧರ್ಮದವರೂ ಉಪವಾಸವಿದ್ದು, ಸಂಜೆ ಒಟ್ಟಿಗೆ ಕುಳಿತು ಉಂಡರು.

ಶುಚಿತ್ವದಲ್ಲಿ ಫಾರಂ ಒಂದು ಮೇಲ್ಪಂಕ್ತಿಯಾಗಿತ್ತು. ಅಷ್ಟು ಜನರಿದ್ದರೂ ಎಲ್ಲಿಯೂ ಕಸವಾಗಲಿ ಎಂಜಲಾಗಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ಕಸವನ್ನೆಲ್ಲ ತೋಡಿದ ಗುಂಡಿಗಳಲ್ಲಿ ಹೂಳುತ್ತಿದ್ದರು. ಬಳಸಿದ ನೀರು ಗಿಡಗಳಿಗೆ ಹೋಗುತ್ತಿತ್ತು. ಎಂಜಲೂ ತರಕಾರಿಯ ಸಿಪ್ಪೆಯೂ ಗೊಬ್ಬರವಾಗುತ್ತಿದ್ದವು. ಮಲವನ್ನು ಗುಂಡಿಯಲ್ಲಿ ಹಾಕಿ ಮಣ್ಣಿನಿಂದ ಚೆನ್ನಾಗಿ ಮುಚ್ಚುತ್ತಿದ್ದುದರಿಂದ ದುರ್ವಾಸನೆಯೂ ಇರಲಿಲ್ಲ, ನೊಣಗಳ ಕಾಟವೂ ಇರಲಿಲ್ಲ. ಒಂದು ಸಣ್ಣ ಸಲಿಕೆಯೊಂದಿದ್ದರೆ ಮನುಷ್ಯನು ಹೊಲಸನ್ನೇ ಹೊನ್ನನ್ನಾಗಿ ಮಾಡಬಹುದೆಂಬುದನ್ನು ಅಲ್ಲಿನ ಜನರು ಆಚರಿಸಿ ತೋರಿಸಿದರು. ಇತರರ ಹೊಲಸನ್ನು ತೆಗೆಯುವುದು ಒಂದು ಜಾತಿಯ ಕೆಲಸವೆಂದು ನಂಬಿದ್ದ ಸಮಾಜದಿಂದ ಬಂದವರಿಗೆ ಇದು ಸಣ್ಣ ಪಾಠವಾಗಿರಲಿಲ್ಲ.

ಫಾರಮ್ಮಿನ ಕೆಲಸಕ್ಕಾಗಿ ನಗರಕ್ಕೆ ಹೋಗಬೇಕಾದವರು ರೈಲಿನ ಮೂರನೆಯ ದರ್ಜೆಯಲ್ಲಿ ಹೋಗಬಹುದಾಗಿತ್ತು. ಸ್ವಂತ ಸಂತೋಷಕ್ಕಾಗಿ ಹೋಗುವವರು ನಡೆದೇ ಹೋಗಬೇಕು. ಬುತ್ತಿಯನ್ನೂ ಇಲ್ಲಿಂದಲೇ ಒಯ್ಯಬೇಕು. ಬೆಳಗಿನ ಜಾವ ಎರಡು ಗಂಟೆಗೆದ್ದು ಹೊರಟರೆ ಆರೇಳು ಗಂಟೆಗಳಲ್ಲಿ ಜೋಹಾನ್ಸ್‌ಬರ್ಗನ್ನು ಮುಟ್ಟಬಹುದಾಗಿತ್ತು. 4 ಗಂಟೆ 18 ನಿಮಿಷಗಳಲ್ಲಿ ಈ 21 ಮೈಲಿಗಳನ್ನು ಕ್ರಮಿಸಿದುದೇ ಅತ್ಯಂತ ವೇಗದ ನಡಿಗೆಯೆಂದು ಹೆಸರಾಯಿತು. ಅದೇ ದಿನ ಹಿಂದಿರುಗಿದರೆ ಒಟ್ಟು 42 ಮೈಲಿಗಳು. ಈ ನಿಯಮದಿಂದ ಹಣವು ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಮುಂದೆ ಒದಗಲಿದ್ದ ಮಹಾಪ್ರಯಾಣಕ್ಕೆ ಕಾಲುಗಳು ಹದಗೊಂಡವು.

ಮಕ್ಕಳ ಶಿಕ್ಷಣವನ್ನು ಗಾಂಧೀಜಿ ಮತ್ತು ಕ್ಯಾಲನ್‌ಬಾಕರೇ ವಹಿಸಿಕೊಂಡರು. ಬೆಳಗಿನ ಹೊತ್ತು ತೋಟದ ಕೆಲಸ. ಗುಂಡಿ ತೋಡುವುದು, ಮರ ಕಡಿಯುವುದು, ಹೊರೆ ಹೊರುವುದು ಇವುಗಳಲ್ಲಿ ಮಕ್ಕಳ ಮೈ ಗಟ್ಟಿಯಾಯಿತು. ಮಧ್ಯಾಹ್ನದ ಊಟದ ತರುವಾಯ ಪಾಠ. ದುಡಿದು ದಣಿದ ಗುರುಗಳಿಗೂ ಶಿಷ್ಯರಿಗೂ ತೂಕಡಿಕೆ ಬರುತ್ತಿದ್ದುದುಂಟು! ಗುಜರಾತಿ, ತಮಿಳು, ಹಿಂದಿ, ಉರ್ದು ಎಂದು ಹಲವು ಭಾಷೆಗಳ ಮಕ್ಕಳು, ಪುಸ್ತಕಗಳು ಕಡಮೆ. ಆದರೆ ಅಲ್ಲಿ ಒಂದು ನಿಯಮವಿತ್ತು: ಗುರುಗಳು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದು. ಮಕ್ಕಳು ಮಾಡುವ ಪ್ರತಿಯೊಂದು ಕೆಲಸದಲ್ಲಿಯೂ ಗುರುವೊಬ್ಬರು ಜೊತೆಯಲ್ಲಿಯೇ ಇರುತ್ತಿದ್ದರು. ಇದರಿಂದ ಮಕ್ಕಳು ನಲಿಯುತ್ತ ಕಲಿತರು.

ಇಷ್ಟಾದರೂ ಫಾರಮ್ಮಿನ ಬಾಳು ಹೂವಿನ ಹಾಸಿಗೆಯಾಗಿರಲಿಲ್ಲ. ಭೂಮಿಯಲ್ಲಿ ಹಾವುಗಳು ವಿಪುಲವಾಗಿದ್ದವು. ಹಾವನ್ನು ಕೊಲ್ಲದೆ ಬಾಳಬೇಕೆಂಬ ಆಸೆಯಿಂದ ಕ್ಯಾಲನ್‌ಬಾಕರು ಸರ್ಪಗಳ ಬಗೆಗಿನ ಗ್ರಂಥಗಳನ್ನು ತರಿಸಿ ಓದಿ, ವಿಷದ ಹಾವು ಯಾವುದು, ವಿಷವಿಲ್ಲದ್ದು ಯಾವುದು ಎಂಬುದನ್ನು ಎಲ್ಲರಿಗೂ ಕಲಿಸಿದರು. ಆದರೂ ಒಮ್ಮೆ ಅವರ ಕೋಣೆಯಲ್ಲಿಯೇ, ಹಿಡಿಯಲೂ ಓಡಿಸಲೂ ಆಗದ ಎಡೆಯಲ್ಲಿ ಹಾವೊಂದು ಕಾಣಿಸಿಕೊಂಡಾಗ, ಅದನ್ನು ಕೊಲ್ಲಲು ಗಾಂಧೀಜಿ ಅನುಮತಿ ಕೊಡಬೇಕಾಯಿತು. ಆದರ್ಶಕ್ಕೂ ಆಚರಣೆಗೂ ನಡುವೆ ಇರುವ ಅಂತರವನ್ನು ಮರೆಮಾಚದೆ ಅವರು ಮುಂದೆ ಬರೆದಿಟ್ಟರು. ಬೇಕಾದುದೆಲ್ಲವನ್ನೂ ಫಾರಂ ತಾನೇ ಬೆಳೆಯಲೂ ಇಲ್ಲ. ನಗರದಿಂದ ಸಾಮಾನುಗಳು ಬರಬೇಕಾಗಿತ್ತು. ದಾನಿಗಳ ಹಣದ ಆಸರೆಯೂ ಇತ್ತು. ಆದರೆ ಎಷ್ಟು ಅಲ್ಪದಲ್ಲಿ ಮನುಷ್ಯನು ಮಾನವಾಗಿ ಬಾಳಬಹುದೆಂಬುದನ್ನು ಆ ಜನರು ಕಂಡುಕೊಂಡರು. ಅಲ್ಪದಲ್ಲಿ ಬಾಳಬಲ್ಲವನನ್ನು ಹಸಿವಿನ ಬೆದರಿಕೆಯಿಂದ ಬಗ್ಗಿಸುವುದು ಸುಲಭವಲ್ಲ.

1912ರಲ್ಲಿ ಗೋಖಲೆಯವರು ದಕ್ಷಿಣ ಆಫ್ರಿಕಕ್ಕೆ ಬಂದರು. ಸರ್ಕಾರವೇ ಅವರನ್ನು ಅತಿಥಿಯಾಗಿ ಬರಮಾಡಿಕೊಂಡಿತ್ತು. ಆದರೂ ಅವರು ಫಾರಮ್ಮಿನಲ್ಲಿ ತಂಗಲು ಬಂದರು. ನಿಲ್ದಾಣದಿಂದ ನಡೆದು ಬರುವಾಗ ಮಳೆಯಲ್ಲಿ ನೆನೆದು ಅವರಿಗೆ ನೆಗಡಿಯಾಯಿತು. ಫಾರಮ್ಮಿನಲ್ಲಿ ಮಂಚಗಳೇ ಇರಲಿಲ್ಲ. ಅತಿಥಿಗಾಗಿ ಒಂದನ್ನು ತರಿಸಿದ್ದರು. ಉಳಿದವರೆಲ್ಲರೂ ನೆಲದ ಮೇಲೆ ಮಲಗುವುದನ್ನು ಕಂಡ ಗೋಖಲೆಯವರು ಆ ಮಂಚವನ್ನು ತೆಗೆಯಿಸಿ, ತಮ್ಮ ಹಾಸಿಗೆಯನ್ನೂ ನೆಲದ ಮೇಲೆಯೇ ಹಾಸಿಸಿದರು. ಮೈಯಲ್ಲಿ ಸ್ವಾಸ್ಥ್ಯವಿಲ್ಲದ ಆ ಹಿರಿಯರ ನಡತೆಯು ಎಲ್ಲರ ಮನಸ್ಸನ್ನೂ ಕಲಕಿತು.

1913ರ ಆರಂಭದಲ್ಲಿ ಫಾರಮ್ಮಿನ ನಿವಾಸಿಗಳು ಅಲ್ಲಿಂದ ಹೊರಟರು. ಗಾಂಧೀಜಿಯವರು ಫೀನಿಕ್ಸಿಗೆ ಮರಳಿದರು. ಆದರೆ ಅಲ್ಲಿ ಬಿತ್ತಿದ ಬೀಜವು ಫಲ ಕೊಟ್ಟುದು ಅದೇ ವರ್ಷದಲ್ಲಿ. ಮೂರು ಪೌಂಡಿನ ತಲೆಗಂದಾಯವನ್ನು ತೆಗೆಯದೆ ಸರ್ಕಾರವು ಮೊಂಡುಹಿಡಿಯಿತು. ಕ್ರೈಸ್ತ ವಿಧಿಯಂತೆ ನಡೆಯದ ವಿವಾಹಗಳಿಗೆ ಮಾನ್ಯತೆಯಿಲ್ಲವೆಂದು ನ್ಯಾಯಾಲಯದ ತೀರ್ಪೊಂದು ಬಂದಿತು. ಭಾರತೀಯ ಸ್ತ್ರೀಯರ ಗೌರವಕ್ಕೇ ಧಕ್ಕೆಯೊದಗಿತು. ಆಗ ಮೊದಲು ಮುಂದೆ ಬಂದವರು ಟಾಲ್‌ಸ್ಟಾಯ್ ಫಾರಮ್ಮಿನಲ್ಲಿ ಬಾಳಿದ್ದ ಸೋದರಿಯರು. ಅವರಲ್ಲಿ ಹೆಚ್ಚಿನವರು ತಮಿಳರು. ಕೆಲವರ ಕಂಕುಳಲ್ಲಿ ಎಳೆಯ ಕೂಸುಗಳಿದ್ದವು. ಅವರು ಗಡಿಯನ್ನು ದಾಟಿ ನ್ಯೂಕ್ಯಾಸಲ್ ಎಂಬ ಊರಿನ ಕಲ್ಲಿದ್ದಲ ಗಣಿಗಳಿಗೆ ಹೋಗಿ ಕೂಲಿಕಾರರನ್ನು ಎಚ್ಚರಿಸಿದರು. ಗಣಿಯ ಕೆಲಸವು ನಿಂತಿತು. ಆ ಸೋದರಿಯರನ್ನು ಸರ್ಕಾರವು ಮೂರು ತಿಂಗಳ ಸೆರೆವಾಸಕ್ಕೆ ಕಳುಹಿಸಿತು.

1913ರ ನವೆಂಬರ್ 6ರಂದು 2,037 ಗಂಡಸರು, 127 ಹೆಂಗಸರು, 57 ಮಕ್ಕಳನ್ನೊಳಗೊಂಡ ಸಮೂಹವೊಂದು ಚಾರ್ಲ್ಸ್‌ಟೌನ್ ಎಂಬ ಗಡಿಯ ಊರಿನಿಂದ ಟ್ರಾನ್ಸ್‌ವಾಲಿನ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟಿತು. ಒಬ್ಬೊಬ್ಬರಿಗೆ ದಿನಕ್ಕೆ ಒಂದೂವರೆ ಪೌಂಡು ರೊಟ್ಟಿ, ಒಂದು ಔನ್ಸು ಸಕ್ಕರೆ. ಅವರು ತಲುಪಬೇಕೆಂದಿದ್ದ ಸ್ಥಳ ಯಾವುದು? ಟಾಲ್‌ಸ್ಟಾಯ್ ಫಾರಂ! ಸೆರೆಹಿಡಿಯದಿದ್ದರೆ ಅಲ್ಲಿ ಬೀಡುಬಿಟ್ಟು, ದುಡಿದು ಉಂಡು, ಹೋರಾಟವನ್ನು ಮುಂದುವರಿಸಬೇಕೆಂಬುದು ಗಾಂಧೀಜಿಯವರ ಯೋಜನೆಯಾಗಿತ್ತು. ಆದರೆ ಅವರನ್ನು ದಾರಿಯಲ್ಲಿಯೇ ಬಂಧಿಸಲಾಯಿತು. ನಾಯಕನಿಲ್ಲದಿದ್ದರೂ ಜನರು ಶಾಂತಿಯಿಂದ ಮುನ್ನಡೆದರು. ನವೆಂಬರ್ 10ರಂದು ಬಾಲ್ಫೋರ್ ಎಂಬಲ್ಲಿ ಸರ್ಕಾರವು ಅವರೆಲ್ಲರನ್ನೂ ಮೂರು ರೈಲುಗಳಲ್ಲಿ ತುಂಬಿ ನಟಾಲಿಗೆ ಹಿಂದೆ ಕಳುಹಿಸಿತು. ಆ ಬಡವರು ಫಾರಮ್ಮನ್ನು ಕಾಣಲಿಲ್ಲ. ಆದರೆ ಅವರ ನಡಿಗೆಯು ವ್ಯರ್ಥವಾಗಲಿಲ್ಲ. 1914ರಲ್ಲಿ ಹೊಸ ಕಾಯಿದೆಯೊಂದು ಬಂದು, ತಲೆಗಂದಾಯವು ರದ್ದಾಯಿತು. ಭಾರತೀಯ ವಿವಾಹಗಳಿಗೆ ಮಾನ್ಯತೆ ದೊರೆಯಿತು.

ಇದರಿಂದ ಆ ದೇಶದ ಅನ್ಯಾಯಗಳೆಲ್ಲವೂ ಕೊನೆಗೊಂಡವೆಂದು ತಿಳಿಯಬಾರದು. ಆ ನೆಲದ ಮೂಲನಿವಾಸಿಗಳಾದ ಆಫ್ರಿಕನ್ನರು ದೇಶದ ಬಹುಭಾಗದಲ್ಲಿ ಭೂಮಿಯನ್ನು ಕೊಳ್ಳದಂತೆ ನಿರ್ಬಂಧಿಸುವ ಕಾಯಿದೆಯು ಬಂದುದು ಅದೇ 1913ರಲ್ಲಿ. ಎಲ್ಲ ವರ್ಣದವರಿಗೂ ಸಮಾನವಾದ ಮತದಾನದ ಹಕ್ಕು ದೊರೆಯಲು ಅವರು 1994ರವರೆಗೆ ಹೋರಾಡಬೇಕಾಯಿತು.

ಕ್ಯಾಲನ್‌ಬಾಕರ ಕತೆಯೂ ಇಲ್ಲಿಗೆ ಮುಗಿಯಲಿಲ್ಲ. ಗಾಂಧೀಜಿಯವರೊಡನೆ ಭಾರತಕ್ಕೆ ಬಂದು ಅವರ ಆಶ್ರಮದಲ್ಲಿಯೇ ನೆಲೆಸಬೇಕೆಂಬುದು ಅವರ ಹಂಬಲವಾಗಿತ್ತು. 1914ರಲ್ಲಿ ಇಬ್ಬರೂ ಒಟ್ಟಿಗೇ ಹಡಗು ಹತ್ತಿದರು. ಆದರೆ ಲಂಡನ್ನನ್ನು ಮುಟ್ಟುವ ಹೊತ್ತಿಗೆ ಮೊದಲನೆಯ ಮಹಾಯುದ್ಧವು ಆರಂಭವಾಗಿತ್ತು. ಜರ್ಮನ್ ಪ್ರಜೆಯೆಂಬ ಕಾರಣದಿಂದ ಕ್ಯಾಲನ್‌ಬಾಕರಿಗೆ ಭಾರತದ ಪ್ರವೇಶವನ್ನು ನಿರಾಕರಿಸಲಾಯಿತು. ಯುದ್ಧಕಾಲದ ಬಂಧನಶಿಬಿರದಲ್ಲಿ ಅವರು ಇರಬೇಕಾಯಿತು. ಅವರು ಭಾರತಕ್ಕೆ ಬಂದು ಹಳೆಯ ಮಿತ್ರನನ್ನು ಕಂಡುದು 1937ರಲ್ಲಿ. 1945ರಲ್ಲಿ ಅವರು ತೀರಿಕೊಂಡರು. ಅವರಿಗೆ ದಕ್ಕದ ಭಾಗ್ಯವು ಇಂಗ್ಲೆಂಡಿನ ಮೆಡಲಿನ್ ಸ್ಲೇಡ್ ಎಂಬ ಮಹಿಳೆಗೆ ದಕ್ಕಿತು. 1925ರಲ್ಲಿ ಅವರು ತಾಯ್ನಾಡನ್ನು ಬಿಟ್ಟು ಸಾಬರಮತಿ ಆಶ್ರಮವನ್ನು ಸೇರಿ, ಮೀರಾಬೆಹನ್ ಎಂಬ ಹೆಸರಿನಿಂದ ಪ್ರಸಿದ್ಧರಾದರು.

ಸ್ವಾವಲಂಬನೆಯ ಬಾಳು ಎಂದರೆ ಲೋಕದ ಜಂಜಾಟದಿಂದ ಓಡಿಹೋಗಿ ಹಸುರಿನ ನಡುವೆ ಅವಿತುಕೊಳ್ಳುವುದೆಂದು ಭಾವಿಸುವವರುಂಟು. ಟಾಲ್‌ಸ್ಟಾಯ್ ಫಾರಮ್ಮಿನ ಜನರು ಲೋಕದಿಂದ ಓಡಿಹೋಗಲಿಲ್ಲ; ಲೋಕವನ್ನು ಎದುರಿಸುವ ಬಲವನ್ನು ಪಡೆಯಲು ಅಲ್ಲಿಗೆ ಬಂದರು. ನೀರು ಹೊತ್ತ ಹೆಗಲು, ಗೋದಿ ಬೀಸಿದ ಕೈ, 42 ಮೈಲಿ ನಡೆದ ಕಾಲು ಇವೇ ಅವರ ಆಯುಧಗಳಾದವು. ಕೈಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೈ ಕೆಸರಾದವನ ತಲೆಯು ಅನ್ಯಾಯದ ಮುಂದೆ ಬಾಗಬೇಕಾಗಿಲ್ಲವೆಂಬುದನ್ನು ಟಾಲ್‌ಸ್ಟಾಯ್ ಫಾರಂ ತೋರಿಸಿಕೊಟ್ಟಿತು.

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಟಾಲ್‌ಸ್ಟಾಯ್ ಫಾರಮ್ಮಿಗೆ ಭೂಮಿಯನ್ನು ಒದಗಿಸಿದವರು ಯಾರು?
2. ಫಾರಮ್ಮಿನ ಉಡುಪು ಯಾವ ಮಾದರಿಯಲ್ಲಿತ್ತು?
3. ಕ್ಯಾಲನ್‌ಬಾಕರು ಚಪ್ಪಲಿ ಹೊಲಿಯುವ ಕಸಬನ್ನು ಎಲ್ಲಿ ಕಲಿತರು?
4. ಗೋಖಲೆಯವರು ಮಂಚವನ್ನು ಏಕೆ ತೆಗೆಯಿಸಿದರು?

ಆ. ಈ ಪ್ರಶ್ನೆಗಳಿಗೆ ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸತ್ಯಾಗ್ರಹಿಗಳ ಕುಟುಂಬಗಳಿಗೆ ಹಣ ಕೊಡುವ ಪದ್ಧತಿಯಲ್ಲಿ ಯಾವ ದೋಷಗಳಿದ್ದವು?
2. ಆಹಾರದ ಪ್ರಶ್ನೆಯನ್ನು ಗಾಂಧೀಜಿಯವರು ಹೇಗೆ ಬಗೆಹರಿಸಿದರು?
3. ಫಾರಮ್ಮಿನಲ್ಲಿ ಶುಚಿತ್ವವನ್ನು ಕಾಪಾಡುತ್ತಿದ್ದ ಬಗೆಯನ್ನು ವಿವರಿಸಿರಿ.

ಇ. ಈ ವಿಷಯವನ್ನು ಕುರಿತು ಹದಿನೈದು ವಾಕ್ಯಗಳಲ್ಲಿ ಬರೆಯಿರಿ.
ಟಾಲ್‌ಸ್ಟಾಯ್ ಫಾರಮ್ಮಿನ ಬಾಳು 1913ರ ಹೋರಾಟಕ್ಕೆ ಹೇಗೆ ಸಿದ್ಧತೆಯಾಯಿತು?

ಈ. ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರಿ.
ಹಿಂದೆಗೆ, ಮೇಲ್ಪಂಕ್ತಿ, ತಲೆಬಾಗು, ಹದಗೊಳ್ಳು, ಸ್ವಾವಲಂಬನೆ